ಕುದುರೆಯ ಚಿಮ್ಮಾಟ

ಕುದುರೆ ತಲೆಯನ್ನು ಮುಂಗಾಲುಗಳ ಕಡೆಗೆ ಇಳಿಸಿ, ಬೆನ್ನನ್ನು ಗೂನಾಗಿಸಿ, ಹಿಂಗಾಲುಗಳನ್ನು ಹಿಂದಕ್ಕೂ ಮೇಲಕ್ಕೂ ಎಸೆಯುವ ವರ್ತನೆ. ಬೆನ್ನ ಮೇಲಿರುವುದನ್ನು, ಅದು ಸವಾರನಾಗಲಿ, ಹೇರಾಗಲಿ, ಕೆಳಗೆ ಕೆಡವಲು ಕುದುರೆಗೆ ನಿಸರ್ಗ ಕೊಟ್ಟ ಉಪಾಯ ಇದು. ಮುಂಗಾಲೆತ್ತಿ ನೆಟ್ಟಗೆ ನಿಲ್ಲುವುದು, ಒಂದೇ ಕಾಲಿನಿಂದ ಒದೆಯುವುದು, ಬೆದರಿ ಕಿತ್ತೋಡುವುದು ಇದಕ್ಕಿಂತ ಬೇರೆಯಾದ ವರ್ತನೆಗಳು. ಅವುಗಳ ಕಾರಣ ಕೆಲವೊಮ್ಮೆ ಒಂದೇ ಇರಬಹುದು, ನಿರ್ವಹಣೆ ಮಾತ್ರ ಬೇರೆ. ಈ ಲೇಖನ ಚಿಮ್ಮಾಟದ ಕಾರಣ, ಗುರುತು, ನಿರ್ವಹಣೆಗಳನ್ನು ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಕುದುರೆ ಬಳಕೆಯ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಕಿತ್ತೂರು ಸೀಮೆಯ ಕುದುರೆ

ಈ ಸೀಮೆಯಲ್ಲಿ ಕುದುರೆ ಎಂದರೆ ಮೊದಲು ನೆನಪಾಗುವುದು ರಾಣಿ ಚೆನ್ನಮ್ಮ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿ, ಎಳವೆಯಲ್ಲೇ ಕುದುರೆ ಸವಾರಿ ಕಲಿತು, 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಕಿತ್ತೂರಿನಲ್ಲಿ ಮುರಿದು, ಕೊನೆಗೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರ ಫೆಬ್ರವರಿಯಲ್ಲಿ ತೀರಿಕೊಂಡ ರಾಣಿಯನ್ನು ನಾಡು ಕುದುರೆಯ ಮೇಲೆಯೇ ಕಾಣುತ್ತದೆ. ಕ್ಯಾಲೆಂಡರು, ನಾಟಕದ ಪರದೆ, ವೃತ್ತಗಳ ಪ್ರತಿಮೆ ಎಲ್ಲೆಲ್ಲೂ ಅದೇ ಚಿತ್ರ. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲೂ ಆಕೆಯ ಪ್ರತಿಮೆ ಅನಾವರಣಗೊಂಡಿತು. ಚಿತ್ರದ ಕುದುರೆ ಎಷ್ಟೇ ಹುರುಪಿನಿಂದ ಇರಲಿ, ಸವಾರನ ಮಾತು ಮೀರುವುದಿಲ್ಲ. ಜೀವಂತ ಕುದುರೆಯ ವಿಷಯ ಹಾಗಲ್ಲ.

ಜೀವಂತ ಕುದುರೆ ಈಗ ಇಲ್ಲಿ ಅಪರೂಪ. ದೇಶದಲ್ಲೇ ಅದರ ಸಂಖ್ಯೆ ಕುಸಿದಿದೆ: 2012ರ ಜಾನುವಾರು ಗಣತಿಯಲ್ಲಿ ಸುಮಾರು 6.2 ಲಕ್ಷವಿದ್ದ ಕುದುರೆ, ತಟ್ಟುಗಳು 2019ರ ಗಣತಿಯ ಹೊತ್ತಿಗೆ ಸುಮಾರು 3.4 ಲಕ್ಷಕ್ಕೆ ಇಳಿದವು. ಈ ಭಾಗದಲ್ಲಿ ಉಳಿದಿರುವ ಕುದುರೆಗಳಲ್ಲಿ ನಿಜಕ್ಕೂ ದುಡಿಯುವುದು ಕುರಿಗಾಹಿಗಳ ತಟ್ಟು. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಕುರಿ ನಿಲ್ಲಿಸುತ್ತ ಊರಿಂದೂರಿಗೆ ಸಾಗುವ ಹಟ್ಟಿಯ ಗಡಿಗೆ, ಕಂಬಳಿ, ಹಾಸಿಗೆ, ಬಲೆ, ನಡೆಯಲಾರದ ಕುರಿಮರಿ ಎಲ್ಲವೂ ಅದರ ಬೆನ್ನೇರುತ್ತವೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಧನಗರ ಕುರಿಗಾಹಿಗಳು ಸಾಕುವ ಭೀಮಥಡಿ ತಟ್ಟು ಇದೇ ಬಗೆಯ ಜೀವನಕ್ಕೆ ಒಗ್ಗಿದ ತಳಿ. ಭೀಮಾ ಕಣಿವೆಯ ಈ ಗಿಡ್ಡ, ಗಟ್ಟಿಮುಟ್ಟಾದ ಕುದುರೆಗೆ ದೇಶದ ಪ್ರತ್ಯೇಕ ತಳಿಯೆಂಬ ಅಧಿಕೃತ ಮಾನ್ಯತೆ ಸಿಕ್ಕಿದ್ದು ತೀರ ಇತ್ತೀಚೆಗೆ. ಇನ್ನು ಮದುವೆ, ಉತ್ಸವದ ಮೆರವಣಿಗೆಗೆ ಬರುವ ಸಿಂಗಾರದ ಕುದುರೆಗಳಿವೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಜಾತ್ರೆಗಳಲ್ಲಿ ಕುದುರೆಗಾಡಿ ಶರ್ಯತ್ತಿಗೆ ಇಳಿಯುವವೂ ಇವೆ. ಪೇಟೆಯ ಟಾಂಗಾ ಹೆಚ್ಚುಕಡಿಮೆ ಮರೆಯಾಗಿದೆ. ಈ ಮೂರು ಬಗೆಯ ಕುದುರೆಗಳೂ ಚಿಮ್ಮುತ್ತವೆ, ಆದರೆ ಬಹುಮಟ್ಟಿಗೆ ಬೇರೆ ಬೇರೆ ಕಾರಣಕ್ಕೆ.

ದೇಹದ ರಚನೆ ಮತ್ತು ಚಿಮ್ಮಾಟ

ಕುದುರೆ ಬೇಟೆಗೆ ಬಲಿಯಾಗುವ ಪ್ರಾಣಿಯಾಗಿ ವಿಕಾಸ ಹೊಂದಿದ ಜೀವಿ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನ ಬಹುಪಾಲು ನೋಟ ಒಂದೇ ಸಲಕ್ಕೆ ಸಿಗುತ್ತದೆ. ಹಣೆಯ ನೇರ ಮುಂದೆ ಚೂರು ಜಾಗ, ಬಾಲದ ನೇರ ಹಿಂದೆ ಇನ್ನೊಂದು ಜಾಗ ಮಾತ್ರ ಕಾಣುವುದಿಲ್ಲ. ಮೇಲಧಿಕಾರಿಯ ಮುಂದೆ, ಕುದುರೆಯ ಹಿಂದೆ ಸುಳಿಯಬಾರದು ಎಂಬ ಮಾತಿನ ಎರಡನೆಯ ಅರ್ಧಕ್ಕೆ ಆಧಾರ ಇದೇ. ಚಿರತೆಯಂಥ ಮೃಗ ಬೆನ್ನಿಗೆ ಹಾರಿದಾಗ ಅದನ್ನು ಝಾಡಿಸಿ ಬೀಳಿಸದೆ ಕುದುರೆಗೆ ಬದುಕಿಲ್ಲ. ಹೀಗಾಗಿ ಬೆನ್ನ ಮೇಲೆ ಅರಿಯದ ಭಾರ ಬಿದ್ದು, ಹೊಟ್ಟೆಗೆ ಬಿಗಿ ಹತ್ತಿದ ಕ್ಷಣದಲ್ಲಿ ಚಿಮ್ಮುವುದು ಅದರ ಮಟ್ಟಿಗೆ ತಪ್ಪು ನಡತೆಯಲ್ಲ. ಜೀನು ಹಾಕಿಸಿಕೊಂಡು ಸುಮ್ಮನೆ ನಿಲ್ಲುವುದೇ ಕಲಿತು ಬಂದ, ನಿಸರ್ಗಕ್ಕೆ ವಿರುದ್ಧವಾದ ನಡತೆ.

ಚಿಮ್ಮುವ ಕುದುರೆ ಮೊದಲು ತಲೆ ಇಳಿಸುತ್ತದೆ. ಕೊರಳಿನ ಮೇಲ್ಭಾಗದಲ್ಲಿ ಹಾದುಹೋಗುವ ಬಲವಾದ ಸ್ನಾಯುಬಂಧ ಆಗ ಎಳೆದುಕೊಂಡು, ಕೊರಳು ಬೆನ್ನಿಗೆ ಸೇರುವಲ್ಲಿಯ ದಿಬ್ಬವನ್ನೂ ಅದರ ಹಿಂದಿನ ಬೆನ್ನನ್ನೂ ಮೇಲೆತ್ತುತ್ತದೆ. ಹೊಟ್ಟೆಯ ಸ್ನಾಯುಗಳು ಬಿಗಿದು ಬೆನ್ನನ್ನು ಇನ್ನಷ್ಟು ಗೂನಾಗಿಸುತ್ತವೆ. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60ರಷ್ಟು ಮೊದಲೇ ಮುಂಗಾಲುಗಳ ಮೇಲಿರುತ್ತದೆ. ತಲೆ ಇಳಿದಾಗ ಅದು ಇನ್ನೂ ಹೆಚ್ಚಿ, ಹಿಂಭಾಗ ಹಗುರಾಗಿ, ಹಿಂಗಾಲು ಎಸೆಯುವುದು ಸಲೀಸಾಗುತ್ತದೆ. ಬಲವಾಗಿ ಚಿಮ್ಮಲು ಕುದುರೆಗೆ ತಲೆ ತಗ್ಗಿಸಲೇಬೇಕು ಎಂಬ ಈ ಒಂದು ಸಂಗತಿ ಸವಾರನಿಗೆ ನೂರು ಉಪದೇಶಗಳಿಗಿಂತ ದೊಡ್ಡದು. ತಲೆ ಮೇಲಿದ್ದರೆ ಕುದುರೆ ಒದೆಯಬಲ್ಲದು, ಕುಪ್ಪಳಿಸಬಲ್ಲದು, ಆದರೆ ಅದರ ಪೂರ್ಣ ಬಲ ಬೆನ್ನಿಗೆ ಬರುವುದಿಲ್ಲ.

ಚಿಮ್ಮಾಟದಲ್ಲಿ ಮಟ್ಟಗಳಿವೆ. ನಾಲ್ಕೂ ಕಾಲು ಸೆಟೆಸಿ, ಬೆನ್ನುಬ್ಬಿಸಿ, ನಿಂತಲ್ಲೇ ಪುಟಿಯುವುದು ಹಗುರವಾದದ್ದು. ಓಟದ ನಡುವೆ ಒಂದೆರಡು ಸಲ ಹಿಂಗಾಲು ಎಸೆದು ಮತ್ತೆ ಓಟ ಹಿಡಿಯುವುದು ನಡುವಿನದು. ಗಾಳಿಯಲ್ಲೇ ಮೈ ಹೊರಳಿಸಿ, ಒಂದರ ಹಿಂದೊಂದು ನೆಗೆಯುತ್ತ ಸವಾರ ಬೀಳುವವರೆಗೆ ನಿಲ್ಲದಿರುವುದು ತೀವ್ರವಾದದ್ದು. ಬಯಲಿಗೆ ಬಿಟ್ಟ ಮರಿಗಳು ಯಾರೂ ಹತ್ತದಿದ್ದರೂ ಚಿಮ್ಮುತ್ತವೆ. ಚಳಿ ಮೂಡಿದ ಮುಂಜಾನೆ ದೊಡ್ಡ ಕುದುರೆಗಳೂ ಹಗ್ಗ ಬಿಚ್ಚಿದೊಡನೆ ಚಿಮ್ಮಿ ಓಡುವುದುಂಟು. ಆಟದ ಈ ನೆಗೆತವನ್ನು ರೋಗವೆಂದೋ ಮೊಂಡುತನವೆಂದೋ ಎಣಿಸಬೇಕಿಲ್ಲ.

ನೋವು

ದುಡಿಯುವ, ಸವಾರಿಗೆ ಒಗ್ಗಿದ ಕುದುರೆ ಹೊಸದಾಗಿ ಚಿಮ್ಮತೊಡಗಿದರೆ ಮೊದಲು ಗುಮಾನಿಪಡಬೇಕಾದದ್ದು ನೋವನ್ನು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹಳ್ಳಿಯಲ್ಲೂ ಪೇಟೆಯ ಸವಾರಿ ಶಾಲೆಯಲ್ಲೂ ಮೊದಲು ಕೈಗೆ ಬರುವುದು ಚಬುಕು. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಸವಾರಿಯ ಹೊತ್ತಿನಲ್ಲಿ ಕುದುರೆ ತೋರುವ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿ ಹಿಂದಕ್ಕೆ ಒತ್ತುವುದು, ಬಾಯಿ ತೆರೆದೇ ಇರುವುದು, ಬಾಲ ಮತ್ತೆ ಮತ್ತೆ ಬೀಸುವುದು, ಹೆಜ್ಜೆ ಎಡವುವುದು, ಚಿಮ್ಮುವುದು ಇವೆಲ್ಲ ಅದರಲ್ಲಿವೆ. ಇವುಗಳಲ್ಲಿ ಎಂಟು ಅಥವಾ ಹೆಚ್ಚು ಒಂದೇ ಕುದುರೆಯಲ್ಲಿ ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ನೋವಿರುವ ಸಂಭವ ಬಲವಾಗಿದೆ ಎಂಬುದು ಅವರ ತೀರ್ಮಾನ. ಬರಿಗಣ್ಣಿಗೆ ಕುಂಟದ ಕುದುರೆಯಲ್ಲೂ ಹೀಗಿರಬಹುದು.

ನೋವಿನ ಮೊದಲ ತಾಣ ಬೆನ್ನು. ಕುದುರೆಗೆ ಪಕ್ಕೆಲುಬು ಹೊತ್ತ ಬೆನ್ನೆಲುಬಿನ ಮಣಿಗಳು 18, ಅದರ ಹಿಂದೆ ಸೊಂಟದವು ಸಾಮಾನ್ಯವಾಗಿ ಆರು. ಭಾರ ಹೊರಬಲ್ಲದ್ದು ಪಕ್ಕೆಲುಬಿನ ಆಸರೆಯಿರುವ ಭಾಗ ಮಾತ್ರ. ಜೀನು ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಕೂತರೆ ಕುದುರೆ ತಡೆದುಕೊಳ್ಳಲಾರದು. ಮಣಿಗಳ ಮೇಲ್ಚಾಚುಗಳು ಒಂದಕ್ಕೊಂದು ತಾಗಿ ಉಜ್ಜುವ ತೊಂದರೆ ಕೆಲವು ಕುದುರೆಗಳಲ್ಲಿರುತ್ತದೆ. ಅದನ್ನು ಎಕ್ಸ್‌ರೇಯಲ್ಲಿ ಮಾತ್ರ ಖಚಿತಪಡಿಸಬಹುದು. ಜೀನಿನ ನಡುವೆ ಬೆನ್ನೆಲುಬಿನ ಉದ್ದಕ್ಕೂ ಗಾಳಿಯಾಡುವ ಓಣಿ ಬಿಡಬೇಕು, ಮುಂದಿನ ದಿಬ್ಬಕ್ಕೆ ಜೀನು ತಾಗಬಾರದು. ಇಷ್ಟು ನೋಡಿಕೊಂಡರೂ ಅರ್ಧ ಕುದುರೆಗಳ ಸಿಟ್ಟು ಇಳಿದೀತು ಎಂದರೆ ಅತಿಶಯವೆನಿಸಬಹುದು, ಆದರೆ ಮದುವೆ ಕುದುರೆಗಳ ಬೆನ್ನ ಮೇಲಿನ ಬಿಳಿಗೂದಲ ಮಚ್ಚೆ ನೋಡಿದವರು ಹಾಗೆ ಅನ್ನಲಾರರು. ಒತ್ತಡಕ್ಕೆ ಚರ್ಮ ಸತ್ತು, ಗಾಯ ಮಾಯ್ದ ಜಾಗದಲ್ಲಿ ಕೂದಲು ಬಿಳಿಯಾಗಿ ಹುಟ್ಟುತ್ತದೆ. ಆ ಮಚ್ಚೆ ಹಳೆಯ ಜೀನು ಬರೆದುಹೋದ ದಾಖಲೆ.

ಕುರಿಗಾಹಿಯ ತಟ್ಟಿಗೆ ಸಾಮಾನ್ಯವಾಗಿ ಜೀನಿಲ್ಲ, ಮಡಿಸಿದ ಕಂಬಳಿಯೇ ಅದರ ತಡಿ. ಒಳ್ಳೆಯ ಉಣ್ಣೆಯ ಕಂಬಳಿ ಬೆವರು ಹೀರುತ್ತದೆ, ಜಾರುವುದಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಮಡಿಕೆಯಲ್ಲಿ ಒಂದು ಗಂಟು, ಒಂದು ಜಾಲಿಮುಳ್ಳು, ಒಣಗಿದ ಕೆಸರಿನ ಹೆಂಟೆ ಉಳಿದರೆ ಮೇಲಿನ ಹೇರೆಲ್ಲ ಆ ಬಿಂದುವಿನ ಮೇಲೆ ಇಳಿಯುತ್ತದೆ. ಹೇರು ಎರಡೂ ಕಡೆ ಸಮತೂಕವಿರದಿದ್ದರೆ ಕಂಬಳಿ ಒಂದು ಬದಿಗೆ ಸರಿದು ಬೆನ್ನೆಲುಬನ್ನು ಉಜ್ಜುತ್ತದೆ. ಸಡಿಲ ಕಟ್ಟಿದ ಗಡಿಗೆಯೊಂದು ಹೆಜ್ಜೆಹೆಜ್ಜೆಗೂ ಪಕ್ಕೆಗೆ ಬಡಿಯುತ್ತಿದ್ದರೆ ಎಷ್ಟೇ ಸಾಧು ತಟ್ಟೂ ಒಂದು ಗಳಿಗೆಯಲ್ಲಿ ಚಿಮ್ಮಿ ಇಡೀ ಸಂಸಾರವನ್ನು ಹೊಲದ ತುಂಬ ಹರಡುತ್ತದೆ. ಹೇರು ಕಟ್ಟುವ ಮೊದಲು ಬೆನ್ನ ಮೇಲೆ ಅಂಗೈ ಆಡಿಸಿ, ಕೂದಲನ್ನು ಬಾಲದ ದಿಕ್ಕಿಗೆ ನೇವರಿಸಿ, ಕಂಬಳಿ ಕೊಡವಿ ಹಾಕುವುದು ನಿಮಿಷದ ಕೆಲಸ.

ಎರಡನೆಯ ತಾಣ ಹೊಟ್ಟೆ. ಮನುಷ್ಯನ ಹೊಟ್ಟೆ ಊಟದ ಹೊತ್ತಿಗೆ ಹೆಚ್ಚು ಆಮ್ಲ ಸುರಿಸಿದರೆ ಕುದುರೆಯ ಹೊಟ್ಟೆ ಹಗಲಿರುಳೂ ಸುರಿಸುತ್ತಲೇ ಇರುತ್ತದೆ. ದಿನದ ಬಹುಪಾಲು ಮೇಯುತ್ತ, ಜೊಲ್ಲು ನುಂಗುತ್ತ ಇರುವ ಪ್ರಾಣಿಗೆ ಅದು ತೊಂದರೆಯಲ್ಲ. ದಿನಕ್ಕೆರಡು ಸಲ ಕಾಳು ಸುರಿದು ಉಳಿದ ಹೊತ್ತು ಬರಿಗೂಟಕ್ಕೆ ಕಟ್ಟಿದ ಕುದುರೆಗೆ ಹೊಟ್ಟೆಹುಣ್ಣು ಬರುತ್ತದೆ. ಅಂಥ ಕುದುರೆ ಹೊಟ್ಟೆಪಟ್ಟಿ ಬಿಗಿಯುವಾಗ ಹಲ್ಲು ತೋರಿಸುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಓಟಕ್ಕಿಳಿದೊಡನೆ ಚಿಮ್ಮುತ್ತದೆ. ನೋವು ಕಡಿಮೆಯಾಗಲೆಂದು ಯಜಮಾನನೇ ನೋವುನಿವಾರಕ ಕೊಡುವುದು ಇಲ್ಲಿ ತಿರುಗುಬಾಣ, ಆ ಔಷಧಿಗಳಲ್ಲಿ ಹಲವು ಹುಣ್ಣನ್ನು ಹೆಚ್ಚಿಸುತ್ತವೆ.

ಬಾಯಿಯನ್ನು ನೋಡುವವರು ಕಡಿಮೆ. ಕುದುರೆಯ ಹಲ್ಲು ಬದುಕಿನ ಬಹುಕಾಲ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೇಳುತ್ತ, ಅಷ್ಟೇ ಸವೆಯುತ್ತ ಇರುತ್ತದೆ. ಸವೆತ ಸಮನಾಗಿರದಿದ್ದರೆ ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಯನ್ನೋ ನಾಲಿಗೆಯನ್ನೋ ಕೊರೆಯುತ್ತದೆ. ಕಡಿವಾಣ ಎಳೆದಾಗ ಆ ಗಾಯಕ್ಕೆ ತಾಗಿದರೆ ಕುದುರೆ ತಲೆ ಕೊಡವುತ್ತದೆ, ಮುಂಗಾಲೆತ್ತುತ್ತದೆ, ಇಲ್ಲವೇ ಚಿಮ್ಮುತ್ತದೆ. ವರ್ಷಕ್ಕೊಮ್ಮೆ ಪಶುವೈದ್ಯರಿಂದ ಹಲ್ಲು ನೋಡಿಸಿ ಅರದಿಂದ ಉಜ್ಜಿಸುವ ಪದ್ಧತಿ ರೇಸಿನ ಲಾಯಗಳಲ್ಲಿದೆ, ಹಳ್ಳಿಯ ತಟ್ಟಿಗೆ ಅದು ಇನ್ನೂ ತಲುಪಿಲ್ಲ.

ಕಾಲಿನ ವಿಷಯದಲ್ಲಿ ಈ ಸೀಮೆಯ ನೆಲಕ್ಕೇ ಪಾಲಿದೆ. ಮಲೆನಾಡಿನ ಅಂಚಿನ ಕಿತ್ತೂರಿನಲ್ಲಿ ಮಳೆ ಚೆನ್ನಾಗಿ ಸುರಿಯುತ್ತದೆ, ಪೂರ್ವಕ್ಕೆ ಸರಿದಂತೆ ಕಡಿಮೆಯಾಗುತ್ತ ಹೋಗಿ ರಾಮದುರ್ಗ ಒಣ ಸೀಮೆ. ಎರೆಭೂಮಿ ಮಳೆಗಾಲದಲ್ಲಿ ಗೊರಸಿಗೆ ಅಂಟಿಕೊಂಡು ತೇವ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಹಸಿಯಾಗಿ ಒಣಗುವ ಈ ಚಕ್ರದಲ್ಲಿ ಗೊರಸು ಸೀಳುತ್ತದೆ, ಒಳಗೆ ಕೀವು ಕಟ್ಟುತ್ತದೆ, ಹೊಡೆದ ಲಾಳ ಸಡಿಲವಾಗುತ್ತದೆ. ಕಾಲುನೋವಿನ ಕುದುರೆ ಕುಂಟುವುದಕ್ಕೆ ಮೊದಲು ಬೆನ್ನನ್ನು ಸೆಟೆಸಿ ನಡೆಯುತ್ತದೆ, ಕೆಲಕಾಲಕ್ಕೆ ಆ ಸೆಟೆತವೇ ಬೆನ್ನುನೋವಾಗುತ್ತದೆ. ಮಳೆಗಾಲದ ಕುದುರೆನೊಣ, ಕಿವಿಯೊಳಗಿನ ಉಣುಗು, ಹೊಟ್ಟೆಪಟ್ಟಿಯಡಿಯ ಹುಳುಕಡಿತ ಇವು ಸಣ್ಣ ಕಾರಣಗಳು, ಆದರೆ ಇವಿಷ್ಟಕ್ಕೇ ಸವಾರ ನೆಲಕ್ಕೆ ಬಿದ್ದ ಉದಾಹರಣೆಗಳಿಗೆ ಬರವಿಲ್ಲ. ಹೆಣ್ಣುಕುದುರೆಗಳು ಬೆದೆಯ ದಿನಗಳಲ್ಲಿ ಸೊಂಟ ಮುಟ್ಟಿಸಿಕೊಳ್ಳದೆ ಚಿಮ್ಮುವುದೂ ಉಂಟು.

ಮೇವು ಮತ್ತು ದುಡಿಮೆಯ ಲೆಕ್ಕ

ಹುರುಳಿ, ಕಡಲೆ, ಗೋವಿನಜೋಳ ತಿಂದು ಲಾಯದಲ್ಲೇ ನಿಂತ ಕುದುರೆ ಚಿಮ್ಮದಿದ್ದರೆ ಆಶ್ಚರ್ಯ. ಮದುವೆ ಕುದುರೆಯ ಮುಖ್ಯ ಸಮಸ್ಯೆ ಇದು: ಹಂಗಾಮಿನಲ್ಲಿ ದಿನವೂ ಕೆಲಸ, ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಕೆಲಸವೇ ಇಲ್ಲ, ಕಾಳು ಮಾತ್ರ ಮೈ ಮಿರುಗಲೆಂದು ಅಷ್ಟೇ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇ. 1.5ರಿಂದ 2ರಷ್ಟು ಒಣಮೇವು ಬೇಕು. 300 ಕಿಲೋ ತೂಗುವ ತಟ್ಟಿಗೆ ಅದು ನಾಲ್ಕೂವರೆಯಿಂದ ಆರು ಕಿಲೋ ಆಗುತ್ತದೆ. ಜೋಳದ ಕಣಿಕೆ, ಒಣಹುಲ್ಲು, ಶೇಂಗಾ ಬಳ್ಳಿ ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತವೆ. ಬೂಸ್ಟು ಹಿಡಿದ ಶೇಂಗಾ ಬಳ್ಳಿಯನ್ನೋ ಹೊಟ್ಟನ್ನೋ ಮಾತ್ರ ಹತ್ತಿರ ತರಬಾರದು, ಅದರ ವಿಷ ಯಕೃತ್ತಿಗೆ ಹೊಡೆತ. ಕಾಳು ಕೊಡಬೇಕಾದದ್ದು ಕೆಲಸಕ್ಕೆ ತಕ್ಕಂತೆ. ಕೆಲಸ ನಿಂತ ದಿನವೇ ಕಾಳನ್ನು ಇಳಿಸಬೇಕು, ಕೆಲಸ ಶುರುವಾದ ಮೇಲೆ ನಿಧಾನವಾಗಿ ಏರಿಸಬೇಕು. ರೇಸಿನ ಲಾಯದ ಲೆಕ್ಕವನ್ನು ಹಳ್ಳಿಯ ಕುದುರೆಗೆ ಅಂಟಿಸಿದರೆ ಸಿಗುವುದು ಹುರುಪಲ್ಲ, ಅಂಕೆ ಮೀರಿದ ಕುದುರೆ.

ಹುಮ್ಮಸ್ಸಿನ ಕುದುರೆಯನ್ನು ಗಂಟೆಗಟ್ಟಲೆ ಓಡಿಸಿ ದಣಿಸಿ ಹತ್ತುವುದು ಹಳೆಯ ಉಪಾಯ. ಆ ದಿನದ ಮಟ್ಟಿಗೆ ಅದು ಫಲಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಕುದುರೆಯ ದಮ್ಮು ಹೆಚ್ಚಿ, ದಣಿಸಲು ಎರಡು ಪಟ್ಟು ಹೊತ್ತು ಬೇಕಾಗುತ್ತದೆ. ಅದಕ್ಕಿಂತ ದಿನವೂ ಕೆಲವು ಗಂಟೆ ಬಯಲಲ್ಲಿ, ಸಾಧ್ಯವಿದ್ದರೆ ಇನ್ನೊಂದು ಕುದುರೆಯ ಜೊತೆ, ಬಿಟ್ಟು ಮೇಯಿಸುವುದು ಅಗ್ಗವೂ ಹೌದು, ಫಲಕಾರಿಯೂ ಹೌದು.

ಭಯ ಮತ್ತು ಕಲಿಕೆ

ಕಿತ್ತೂರು ಉತ್ಸವ ಪ್ರತಿವರ್ಷ ಅಕ್ಟೋಬರ್ 23ರ ಆಸುಪಾಸಿಗೆ ನಡೆಯುತ್ತದೆ. ಈ ಭಾಗದ ಮೆರವಣಿಗೆಗಳಲ್ಲಿ ಚೆನ್ನಮ್ಮನ, ಸಂಗೊಳ್ಳಿ ರಾಯಣ್ಣನ ವೇಷ ತೊಟ್ಟ ಮಕ್ಕಳು, ಯುವಕಯುವತಿಯರು ಕುದುರೆಯೇರಿ ಬರುವುದು ಈಗ ರೂಢಿ. ಡೊಳ್ಳು, ಝಾಂಜು, ಪಟಾಕಿ, ಎದೆ ನಡುಗಿಸುವ ಡಿಜೆ, ಕಣ್ಣಿಗೆ ಹೊಡೆಯುವ ದೀಪ, ಮೈಗೆ ಒತ್ತುವ ಜನ, ಮೇಲೆ ಸವಾರಿ ಬಾರದ ಒಬ್ಬ ಹುಡುಗ: ಕುದುರೆಯ ಕಡೆಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಕಲ್ಪಿಸುವುದು ಕಷ್ಟ. ಅದು ಓಡಲಾರದು, ಏಕೆಂದರೆ ಮುಂದೆ ಜನ. ಓಡಲಾರದ ಕುದುರೆಗೆ ಉಳಿಯುವುದು ಚಿಮ್ಮುವುದು ಅಥವಾ ಮುಂಗಾಲೆತ್ತುವುದು.

ಸದ್ದಿಗೆ ಒಗ್ಗಿಸುವ ಕೆಲಸವನ್ನು ಕರ್ನಾಟಕದಲ್ಲಿ ಚೆನ್ನಾಗಿ ನೋಡಬಹುದಾದ ಜಾಗ ಮೈಸೂರು. ದಸರೆಗೆ ಮುಂಚಿನ ವಾರಗಳಲ್ಲಿ ಅಲ್ಲಿ ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸುವ ತಾಲೀಮು ನಡೆಸುತ್ತಾರೆ. ಒಂದೇ ದಿನಕ್ಕೆ ಮುಗಿಸುವುದಿಲ್ಲ, ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡುತ್ತಾರೆ. ಅನುಭವಿ ಕುದುರೆಗಳ ಪಕ್ಕದಲ್ಲಿ ನಿಂತ ಹೊಸದು ಅವುಗಳ ನೆಮ್ಮದಿ ನೋಡಿ ತಾನೂ ನಿಲ್ಲುತ್ತದೆ. ಈ ಕ್ರಮ ಮದುವೆ ಕುದುರೆಗೂ ಸಲ್ಲುತ್ತದೆ. ಸದ್ದನ್ನು ದೂರದಿಂದ, ಮೆಲ್ಲಗೆ ಶುರುಮಾಡಬೇಕು. ಕುದುರೆ ಕಿವಿ ಆಡಿಸಿ, ತಲೆ ಇಳಿಸಿ, ಬಾಯಿ ಚಪ್ಪರಿಸುವಷ್ಟು ಸಡಿಲಾದ ಮೇಲೆಯೇ ಹತ್ತಿರ ತರಬೇಕು. ಮೊದಲ ದಿನವೇ ಡಿಜೆಯ ಎದುರು ಕಟ್ಟಿ ನಿಲ್ಲಿಸಿದರೆ ಕುದುರೆ ಒಗ್ಗುವುದಿಲ್ಲ, ಸದ್ದು ಎಂದರೆ ಸಂಕಟ ಎಂದು ಕಲಿಯುತ್ತದೆ.

ಕಲಿಕೆಯ ಮಾತು ಬಂದದ್ದರಿಂದ ಒಂದು ಕಹಿ ಸಂಗತಿ. ನೋವಿಗೋ ಭಯಕ್ಕೋ ಚಿಮ್ಮಿದ ಕುದುರೆ ಸವಾರನನ್ನು ಕೆಡವಿ ಹಗುರಾದರೆ, ಚಿಮ್ಮಿದರೆ ಭಾರ ಹೋಗುತ್ತದೆ ಎಂಬುದನ್ನು ಅರಿತುಕೊಳ್ಳುತ್ತದೆ. ಎರಡು ಮೂರು ಸಲ ಹೀಗಾದರೆ ಮೂಲದ ನೋವು ವಾಸಿಯಾದ ಮೇಲೂ ಅಭ್ಯಾಸ ಉಳಿಯುತ್ತದೆ. ಅದಕ್ಕೇ ಕಾರಣ ಹುಡುಕದೆ ದಿನವೂ ಹತ್ತಿ ಹತ್ತಿ ಬೀಳುವುದು ಧೈರ್ಯವಲ್ಲ, ಕುದುರೆಗೆ ಕೊಡುವ ತರಬೇತಿ.

ಪಳಗಿಸುವ ಕ್ರಮ

ಕುದುರೆಯ ಆರೈಕೆ, ಶಿಕ್ಷಣಗಳ ಬಗ್ಗೆ ಕನ್ನಡ ನಾಡಿನಲ್ಲಿ ಬರವಣಿಗೆ ಹಳೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ (ಸು. 1130) ಕುದುರೆ ಸವಾರಿಯ ವಿನೋದಕ್ಕೆ ಪ್ರತ್ಯೇಕ ಭಾಗವಿದೆ. ಸುಮಾರು 1400ರಲ್ಲಿದ್ದ ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯ ಬರೆದ, 1627ರಲ್ಲಿ ಪದ್ಮಣಪಂಡಿತ ‘ಹಯಸಾರಸಮುಚ್ಚಯ’ ರಚಿಸಿದ. ಅಶ್ವಶಾಸ್ತ್ರದ ಪರಂಪರೆ ಸುಳಿಗಳಿಗೆ ಬಹಳ ಬೆಲೆ ಕೊಡುತ್ತದೆ. ಇಂದಿಗೂ ಕೊಳ್ಳುವವರು ಮೊದಲು ಹುಡುಕುವುದು ಕೆಟ್ಟ ಸುಳಿಯನ್ನು. ಹಣೆಯ ಸುಳಿಗೂ ಸ್ವಭಾವಕ್ಕೂ ನಂಟು ಹುಡುಕುವ ಅಧ್ಯಯನಗಳು ನಮ್ಮ ಕಾಲದಲ್ಲೂ ನಡೆದಿವೆ. ಆದರೂ ಸುಳಿ ನೋಡಿ ಬೆನ್ನು ನೋಡದೆ ಕೊಳ್ಳುವುದು ಜಾಣತನವಲ್ಲ. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬರೆದ ಸವಾರಿ ಗ್ರಂಥದಲ್ಲಿ ಸಿಟ್ಟಿನಲ್ಲಿದ್ದಾಗ ಕುದುರೆಯ ಬಳಿ ಹೋಗಕೂಡದೆಂದು ಹೇಳಿದ್ದಾನೆ. ಇಪ್ಪತ್ತಮೂರು ಶತಮಾನ ಕಳೆದರೂ ಅದಕ್ಕೆ ತಿದ್ದುಪಡಿ ಬೇಕಾಗಿಲ್ಲ.

ಮರಿಯನ್ನು ಸವಾರಿಗೆ ಹಚ್ಚುವ ಅವಸರವೇ ಚಿಮ್ಮಾಟದ ದೊಡ್ಡ ತವರು. ಕಾಲಿನ ಮೂಳೆ ಬೇಗ ಬಲಿತರೂ ಬೆನ್ನೆಲುಬಿನ ಬೆಳವಣಿಗೆ ಪೂರ್ಣವಾಗಲು ಐದಾರು ವರ್ಷ ಬೇಕು. ಮೂರು ದಾಟುವವರೆಗೆ ಯಾರನ್ನೂ ಹತ್ತಿಸದೆ, ನಾಲ್ಕೈದರವರೆಗೆ ಹಗುರವಾದ ಸವಾರನನ್ನು ಸ್ವಲ್ಪ ಹೊತ್ತು ಮಾತ್ರ ಹತ್ತಿಸುವುದು ಒಳ್ಳೆಯದು. ಮೊದಲ ಪಾಠಗಳೆಲ್ಲ ನೆಲದ ಮೇಲೆ ನಡೆಯಬೇಕು: ಹಗ್ಗ ಹಿಡಿದು ಜೊತೆಯಲ್ಲಿ ನಡೆಯುವುದು, ನಿಲ್ಲುವುದು, ಹಿಂದೆ ಸರಿಯುವುದು, ಮೈಯೆಲ್ಲ ಮುಟ್ಟಿಸಿಕೊಳ್ಳುವುದು, ಉದ್ದ ಹಗ್ಗದಲ್ಲಿ ಸುತ್ತು ಹಾಕುವುದು. ಆಮೇಲೆ ಬೆನ್ನಿಗೆ ಮಡಿಸಿದ ಗೋಣಿ, ಅನಂತರ ಜೀನು. ಹೊಟ್ಟೆಪಟ್ಟಿಯನ್ನು ಒಮ್ಮೆಲೇ ಬಿಗಿಯಬಾರದು. ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ತೂತು ಬಿಗಿದು ಮತ್ತೆ ನಡೆಸಬೇಕು. ಪಟ್ಟಿ ಬಿಗಿದೊಡನೆ ಬೆನ್ನುಬ್ಬಿಸುವ ಕುದುರೆಗಳು ಬದುಕಿಡೀ ಹಾಗೇ ಇರಬಹುದು. ಅಂಥವನ್ನು ಹತ್ತುವ ಮುಂಚೆ ಐದು ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸಿ, ಬೆನ್ನಿನ ಗೂನು ಇಳಿದದ್ದು ನೋಡಿ ಹತ್ತುವುದು ಸುರಕ್ಷಿತ. ಕೊನೆಗೆ ಸವಾರ ಜೀನಿನ ಮೇಲೆ ಅಡ್ಡಲಾಗಿ ಒರಗುವುದು, ಇಳಿಯುವುದು, ಮತ್ತೆ ಒರಗುವುದು. ಹಳೆಯ ಚಿಮ್ಮುಕ ಕುದುರೆಯನ್ನು ತಿದ್ದುವುದಕ್ಕೂ ಬೇರೆ ಮಂತ್ರವಿಲ್ಲ, ನೋವು ವಾಸಿಯಾದ ಮೇಲೆ ಮರಿಗೆ ಕಲಿಸಿದಂತೆ ಮೊದಲಿನಿಂದ ಕಲಿಸಬೇಕು.

ಎಲ್ಲ ಪಾಠದ ತಿರುಳು ಒತ್ತು ಮತ್ತು ಬಿಡುವು. ಲಗಾಮಿನ ಎಳೆತ, ಹಿಮ್ಮಡಿಯ ಒತ್ತು ಕುದುರೆಗೆ ಪ್ರಶ್ನೆ, ಸರಿಯಾಗಿ ನಡೆದುಕೊಂಡ ಕ್ಷಣವೇ ಸಿಗುವ ಬಿಡುವು ಅದಕ್ಕೆ ಉತ್ತರ. ಲಗಾಮು ಹಿಂದಕ್ಕೆಳೆಯುತ್ತ ಹಿಮ್ಮಡಿಯಿಂದ ಮುಂದಕ್ಕೆ ತಿವಿಯುವ ಸವಾರ ಒಂದೇ ಉಸಿರಿಗೆ ಹೋಗು, ನಿಲ್ಲು ಎರಡನ್ನೂ ಹೇಳುತ್ತಾನೆ. ಮುಂದೂ ದಾರಿಯಿಲ್ಲ, ಹಿಂದೂ ದಾರಿಯಿಲ್ಲದ ಕುದುರೆ ಮೇಲಕ್ಕೆ ಹೋಗುತ್ತದೆ.

ಚಿಮ್ಮಿದ ಗಳಿಗೆಯಲ್ಲಿ

ಚಿಮ್ಮುವ ಮುಂಚೆ ಕುದುರೆ ಸುಳಿವು ಕೊಡುತ್ತದೆ. ಕಿವಿ ಹಿಂದೆ ಒತ್ತುತ್ತದೆ, ಬಾಲ ಬಿಗಿಯುತ್ತದೆ ಅಥವಾ ಬೀಸುತ್ತದೆ, ಹೆಜ್ಜೆ ಮೊಟಕಾಗುತ್ತದೆ, ಜೀನಿನಡಿ ಬೆನ್ನು ಉಬ್ಬಿದ್ದು ಸವಾರನ ತೊಡೆಗೆ ಗೊತ್ತಾಗುತ್ತದೆ. ಆಗಲೇ ಕುದುರೆಯನ್ನು ಒಂದು ಬದಿಗೆ ತಿರುಗಿಸಿ ವೃತ್ತದಲ್ಲಿ ನಡೆಸಬೇಕು. ಕೊರಳು ಬಾಗಿ ಹಿಂಗಾಲು ಅಡ್ಡ ಸರಿದಾಗ ಎರಡೂ ಹಿಂಗಾಲು ಒಟ್ಟಿಗೆ ಎಸೆಯಲು ಅನುವಾಗುವುದಿಲ್ಲ. ಚಿಮ್ಮಾಟ ಶುರುವಾದರೆ ಸವಾರ ಮುಂದಕ್ಕೆ ಬಾಗಬಾರದು. ಸೊಂಟವನ್ನು ಜೀನಿನಲ್ಲಿ ಆಳವಾಗಿ ಕೂರಿಸಿ, ಹಿಮ್ಮಡಿ ಕೆಳಗಿಳಿಸಿ, ಒಂದು ಲಗಾಮನ್ನು ಮೇಲಕ್ಕೆತ್ತಿ ತಲೆಯನ್ನು ಎತ್ತಿಸಬೇಕು, ಜೊತೆಗೆ ಕುದುರೆಯನ್ನು ಮುಂದಕ್ಕೆ ನಡೆಸಬೇಕು. ಮುಂದೆ ಹೋಗುತ್ತಿರುವ ಕುದುರೆಗೆ ಚಿಮ್ಮುವುದು ಕಷ್ಟ. ಎರಡೂ ಲಗಾಮು ಹಿಡಿದು ಜೋತುಬಿದ್ದರೆ ಕುದುರೆ ಆ ಎಳೆತವನ್ನೇ ಆಸರೆ ಮಾಡಿಕೊಂಡು ತಲೆ ತಗ್ಗಿಸುತ್ತದೆ. ಹೊಸ ಸವಾರನಿಗೆ ಇದೆಲ್ಲ ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಅವನು ಕುದುರೆ ನಿಂತೊಡನೆ ಇಳಿಯುವುದೇ ಮೇಲು, ಇಳಿದದ್ದಕ್ಕೆ ನಾಚಬೇಕಿಲ್ಲ.

ಟಾಂಗಾದ ಅಥವಾ ಶರ್ಯತ್ತಿನ ಗಾಡಿಯ ಕುದುರೆ ಚಿಮ್ಮಿದರೆ ಅಪಾಯ ಇಮ್ಮಡಿ. ಮೂಕಿಯ ಮರಗಳ ನಡುವೆ ಸಿಕ್ಕ ಹಿಂಗಾಲು ಗಾಡಿಗೆ ಬಡಿದು ಮುರಿಯಬಹುದು, ಬಡಿತದ ಸದ್ದಿಗೆ ಇನ್ನಷ್ಟು ಬೆದರಿ ಅದು ಗಾಡಿಯೊಂದಿಗೆ ಓಡಬಹುದು. ಒದೆಯುವ ಚಾಳಿಯಿರುವ ಗಾಡಿಕುದುರೆಯ ಸೊಂಟದ ಮೇಲೆ ಒಂದು ಅಡ್ಡಪಟ್ಟಿ ಹಾಯಿಸಿ ಎರಡು ಬದಿಯ ಮೂಕಿಗೆ ಕಟ್ಟುವ ಪದ್ಧತಿ ಹಲವು ದೇಶಗಳಲ್ಲಿದೆ. ಅದು ಹಿಂಭಾಗವನ್ನು ಮೇಲೇಳಲು ಬಿಡುವುದಿಲ್ಲ. ಆದರೆ ಕಾರಣವನ್ನು ಅದು ಮುಟ್ಟುವುದಿಲ್ಲ.

ಬಿದ್ದವನಿಗೆ ತಲೆಯ ಪೆಟ್ಟು ಅತಿ ಅಪಾಯದ್ದು, ಆದ್ದರಿಂದ ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್ ಕಡ್ಡಾಯ. ಪಾದ ರಿಕಾಪಿನಲ್ಲಿ ಪೂರ್ತಿ ಒಳಹೊಕ್ಕಿದ್ದರೆ ಬಿದ್ದವನನ್ನು ಕುದುರೆ ಎಳೆದುಕೊಂಡು ಓಡುತ್ತದೆ. ಹಿಮ್ಮಡಿಯಿರುವ ಬೂಟು ಹಾಕಿ ಪಾದದ ಮುಂಭಾಗವನ್ನು ಮಾತ್ರ ರಿಕಾಪಿನಲ್ಲಿಡಬೇಕು. ಹೊಟ್ಟೆಗೆ ಒದೆ ತಿಂದವನು ಎದ್ದು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು, ಒಳಗಿನ ರಕ್ತಸ್ರಾವ ಕೆಲವು ಗಂಟೆ ಹೊರಗೆ ಕಾಣದೇ ಇರಬಹುದು. ಲಾಯದ ಮಣ್ಣಿನಲ್ಲಿ ಆದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದು ಬೇಕು. ಅದೇ ರೋಗ ಕುದುರೆಗೂ ಸುಲಭವಾಗಿ ತಗಲುತ್ತದೆ, ಅದಕ್ಕೂ ಲಸಿಕೆ ಇದೆ.

ಚಿಮ್ಮಾಟವೇ ಆಟವಾದಾಗ

ಅಮೆರಿಕ, ಕೆನಡಾಗಳ ರೋಡಿಯೊದಲ್ಲಿ ಚಿಮ್ಮುವ ಕುದುರೆಯ ಮೇಲೆ ಎಂಟು ಸೆಕೆಂಡು ಉಳಿಯುವುದು ಸ್ಪರ್ಧೆ. ಸವಾರನಿಗೂ ಕುದುರೆಗೂ ಅಂಕ ಕೊಡುತ್ತಾರೆ. ಕುದುರೆಯ ಹಿಂಪಕ್ಕೆಗೆ ಸುತ್ತಿದ ಪಟ್ಟಿಯ ಕಿರಿಕಿರಿಗೆ ಅದು ಹಿಂಗಾಲು ಎಸೆಯುತ್ತದೆ. ಚೆನ್ನಾಗಿ ಚಿಮ್ಮುವ ವಂಶಗಳನ್ನು ಆರಿಸಿ ತಳಿ ಬೆಳೆಸುವುದೂ ಅಲ್ಲಿದೆ, ಅಂದರೆ ಈ ಗುಣಕ್ಕೆ ಹುಟ್ಟಿನ ಪಾಲೂ ಇದೆ ಎಂದಾಯಿತು. ವಯೊಮಿಂಗ್ ರಾಜ್ಯದ ವಾಹನಗಳ ನಂಬರ್ ಫಲಕದಲ್ಲಿ 1936ರಿಂದ ಚಿಮ್ಮುವ ಕುದುರೆಯ ಚಿತ್ರವಿದೆ. ನಮ್ಮಲ್ಲಿ ಇದು ಆಟವಾಗಿಲ್ಲ, ಆಗುವುದೂ ಬೇಡ.

ಕಾನೂನು, ಹೊರೆ, ಕೊಳ್ಳುವಿಕೆ

ಪ್ರಾಣಿಹಿಂಸೆ ತಡೆ ಕಾಯ್ದೆ 1960ರ ಅಡಿಯಲ್ಲಿ 1965ರಲ್ಲಿ ಬಂದ ಹೇರು ಮತ್ತು ಗಾಡಿ ಪ್ರಾಣಿಗಳ ನಿಯಮಗಳು ತಟ್ಟಿನ ಮೇಲಿನ ಹೇರಿಗೆ 70 ಕಿಲೋ ಮಿತಿ ಹಾಕುತ್ತವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ನಿಷಿದ್ಧ, ಮುಳ್ಳಿರುವ ಕಡಿವಾಣವೂ ನಿಷಿದ್ಧ. ಏಪ್ರಿಲ್, ಮೇ ತಿಂಗಳ ಸವದತ್ತಿ, ರಾಮದುರ್ಗದಲ್ಲಿ ಈ ಬಿಸಿಲಿನ ನಿಯಮ ಬರಿ ಕಾಗದದ ಮಾತಲ್ಲ. ಮದುವೆಯ ಹಂಗಾಮು ಬೀಳುವುದೂ ಆ ತಿಂಗಳುಗಳಲ್ಲೇ. ಸವಾರಿ ಕುದುರೆಗೆ ಸಾಮಾನ್ಯವಾಗಿ ಒಪ್ಪಿದ ಅಳತೆ ಎಂದರೆ ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರದಿರುವುದು. 300 ಕಿಲೋದ ತಟ್ಟಿನ ಮೇಲೆ ಶೇರವಾನಿ, ಪೇಟ, ಖಡ್ಗ ಸಹಿತ 90 ಕಿಲೋದ ಮದುಮಗ ಕೂತರೆ, ಅವನ ಮುಂದೆ ಒಂದು ಮಗುವನ್ನೂ ಕೂರಿಸಿದರೆ, ಲೆಕ್ಕ ಎಲ್ಲಿ ಹೋಯಿತೆಂದು ಕುದುರೆ ಬಲ್ಲದು.

ಮಹಾರಾಷ್ಟ್ರದ ಸಾರಂಗಖೇಡದಂಥ ಕುದುರೆ ಸಂತೆಯಲ್ಲಿ ಕೊಳ್ಳುವವರು ಕುದುರೆಯನ್ನು ಜೀನು ಹಾಕಿದ ಸ್ಥಿತಿಯಲ್ಲಿ ನೋಡಿ ಒಪ್ಪಿಕೊಳ್ಳಬಾರದು. ಮಾರುವವನೇ ತಮ್ಮೆದುರು ಬರಿಬೆನ್ನಿಗೆ ಜೀನು ಹಾಕಿ, ಪಟ್ಟಿ ಬಿಗಿದು, ತಾನೇ ಮೊದಲು ಹತ್ತಿ ತೋರಿಸಲಿ. ಆಗಲೇ ಬೆವೆತು ದಣಿದಿರುವ ಕುದುರೆ, ಕಣ್ಣು ಮಂಪರಾದ ಕುದುರೆ, ಬೆನ್ನೊತ್ತಿದಾಗ ಕುಗ್ಗುವ ಕುದುರೆ ಬೇಡ. ಪಶುವೈದ್ಯರು ನೋಡಿ, ಬೆನ್ನು, ಕಾಲು, ಬಾಯಿ ಸರಿಯಿದೆ ಎಂದ ಮೇಲೂ ತಿಂಗಳಾನುಗಟ್ಟಲೆ ಚಿಮ್ಮುತ್ತಲೇ ಇರುವ ಕುದುರೆಗಳು ಕೆಲವಿರುತ್ತವೆ. ಅವುಗಳನ್ನು ಸವಾರಿಯಿಂದ ಬಿಡಿಸುವುದೊಂದೇ ದಾರಿ. ಸವಾರನನ್ನು ಒಲ್ಲದ ಕುದುರೆ ಸಮತೂಕದ ಹಗುರ ಹೇರನ್ನು ಒಪ್ಪುವುದುಂಟು, ಒಪ್ಪದಿದ್ದರೆ ಮೇಯಲು ಬಿಡಬೇಕಾಗುತ್ತದೆ. ಬೆನ್ನುಮೂಳೆಯ ತೊಂದರೆ ಖಚಿತವಾದ ಕುದುರೆಯನ್ನು ಆ ಮಾತು ಮುಚ್ಚಿಟ್ಟು ಇನ್ನೊಬ್ಬರಿಗೆ ಮಾರುವುದು ಮಾತ್ರ ಸಂತೆಯಲ್ಲಿ ದಿನವೂ ನಡೆಯುವ ವ್ಯವಹಾರ, ಮುಂದಿನ ಸವಾರ ಬೀಳುವುದು ಆ ವ್ಯವಹಾರದಿಂದಲೇ.